ಮೂರನೇ ಮನೆಯಲ್ಲಿ ನರ್ಸ್ ಇದ್ದರು

ಕಳೆದ ತಿಂಗಳು ನಮ್ಮ ಬೀದಿಯ ಹಿರಿಯರೊಬ್ಬರು ವಾಕಿಂಗ್ ಮುಗಿಸಿ ಬಂದವರು ಗೇಟಿನ ಹತ್ತಿರವೇ ಕುಸಿದರು. ಮಗ 108ಕ್ಕೆ ಫೋನ್ ಮಾಡಿದ. ಆಂಬುಲೆನ್ಸ್ ಬಂತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಆಂಬುಲೆನ್ಸಿನವರನ್ನು ದೂರುತ್ತಿಲ್ಲ, ಬೆಂಗಳೂರಿನ ಬೆಳಗಿನ ಟ್ರಾಫಿಕ್ ನಿಮಗೂ ಗೊತ್ತಲ್ವಾ.

ಆದರೆ ಅವರ ಮನೆಯಿಂದ ಮೂರನೇ ಮನೆಯಲ್ಲೇ ಐಸಿಯು ನರ್ಸ್ ಒಬ್ಬರಿದ್ದಾರೆ. ನೈಟ್ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದರಂತೆ. ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಸಾವಿನ ಸುದ್ದಿ ನೋಡಿದಾಗಲೇ ಅವರಿಗೆ ವಿಷಯ ತಿಳಿದದ್ದು. "ಒಂದು ಮಾತು ಕೂಗಿದ್ದರೆ ಓಡಿ ಬರ್ತಿದ್ದೆ" ಅಂತ ಅತ್ತರು. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ಹೃದಯ ನಿಂತಾಗ ಯಾರೂ ಎದೆ ಒತ್ತದಿದ್ದರೆ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಹಾಗಾಗಿ ಇದು ಅಕ್ಕಪಕ್ಕದವರ ಕೆಲಸ. ಅವರಿಗೆ ಸುದ್ದಿ ಮುಟ್ಟಬೇಕು, ಅಷ್ಟೇ.

ಸಿಂಗಪುರದಲ್ಲಿ 2015ರಿಂದ 'ಮೈ ರೆಸ್ಪಾಂಡರ್' ಅನ್ನುವ ಆ್ಯಪ್ ಇದೆ. ಅದನ್ನು ನಡೆಸುವುದು ಅಲ್ಲಿನ ನಾಗರಿಕ ರಕ್ಷಣಾ ಪಡೆ. ಯಾರಿಗಾದರೂ ಹೃದಯ ನಿಂತಿದೆ ಅಂತ ಕರೆ ಬಂದರೆ, ಹತ್ತಿರದಲ್ಲಿರುವ ಸ್ವಯಂಸೇವಕರ ಫೋನು ಬಡಿದುಕೊಳ್ಳುತ್ತದೆ. ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಎಲ್ಲಿದೆ ಅಂತಲೂ ತೋರಿಸುತ್ತದೆ. ಜನ ಬರ್ತಾರಾ ಅಂತ ಕೇಳಬಹುದು. ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿ ಇಂಥದ್ದನ್ನೇ ಪರೀಕ್ಷೆ ಮಾಡಿ ನೋಡಿದರು. ಅಧ್ಯಯನ ಮುಗಿಯುವಷ್ಟರಲ್ಲಿ ಹೆಸರು ಕೊಟ್ಟವರು ಒಂಬತ್ತು ಸಾವಿರಕ್ಕೂ ಜಾಸ್ತಿ! 2015ರಲ್ಲಿ ಫಲಿತಾಂಶ ಬಂತು. ಸ್ವಯಂಸೇವಕರ ಫೋನಿಗೆ ಕರೆ ಹೋಗದ ಪ್ರಕರಣಗಳಲ್ಲಿ ಶೇ. 48 ಜನರಿಗೆ ಆಂಬುಲೆನ್ಸಿಗಿಂತ ಮೊದಲೇ ಸಿಪಿಆರ್, ಅಂದರೆ ಎದೆ ಒತ್ತುವ ತುರ್ತು ಚಿಕಿತ್ಸೆ, ಸಿಕ್ಕಿತ್ತು, ಕರೆ ಹೋದ ಪ್ರಕರಣಗಳಲ್ಲಿ ಶೇ. 62.

ನಮ್ಮಲ್ಲೂ ಅಡಿಪಾಯ ಇದೆ. ಅಪ್ಪು ಹೋದ ಮೇಲೆ, 2023ರಲ್ಲಿ, ಹೃದಯಾಘಾತಕ್ಕೆ ಬೇಗ ಚಿಕಿತ್ಸೆ ಸಿಗಲಿ ಅಂತ ಅವರ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ಬಂತು. ತುರ್ತು ಸಹಾಯದ 112 ಆ್ಯಪ್‌ನಲ್ಲಿ ಆಪತ್ತಿನಲ್ಲಿರುವ ಹೆಣ್ಣುಮಕ್ಕಳಿಗಾಗಿ ಹತ್ತಿರದ ಸ್ವಯಂಸೇವಕರನ್ನು ಕರೆಯುವ 'ಶೌಟ್' ಸೌಲಭ್ಯ ಇದೆ. ಅದೇ ದಾರಿಯಲ್ಲಿ 108ಕ್ಕೆ ಬರುವ ಹೃದಯದ ಕರೆಗಳನ್ನೂ ತರಬೇತಿ ಪಡೆದವರ ಫೋನಿಗೆ ಮುಟ್ಟಿಸಲಿ ಅನ್ನುವುದು ನನ್ನ ಬೇಡಿಕೆ. ಸುಮ್ನೆ ಒಂದು ಆ್ಯಪ್ ಬಿಟ್ಟರೆ ಸಾಲದು. ಮೊದಲು ಕೈಗೆ ಅಭ್ಯಾಸ ಬೇಕು, ಆ್ಯಪ್ ಆಮೇಲೆ.

ಅದಕ್ಕೇ ನಾವು ಶುರು ಮಾಡಿದ್ದೇವೆ. ಹೋದ ಭಾನುವಾರ ಅದೇ ನರ್ಸ್ ನಮ್ಮ ಬೀದಿಯ ಹನ್ನೊಂದು ಜನರಿಗೆ ಎದೆ ಒತ್ತುವುದನ್ನು ಕಲಿಸಿದರು. ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳ. ಎರಡು ನಿಮಿಷಕ್ಕೇ ತೋಳು ಸೋತು ಹೋಗುತ್ತದೆ. ತೀರಿಕೊಂಡವರ ಮಗನೂ ಬಂದಿದ್ದ. ಎಲ್ಲರಿಗಿಂತ ಹೆಚ್ಚು ಹೊತ್ತು ಒತ್ತಿದವನು ಅವನೇ.