ಪರ-ವಿರೋಧ: ಮೋಟಾರಿಗೆ ಶಾಖ ತಡೆಯುವ ರಬ್ಬರ್ ಕೇಬಲ್ ಬೇಕೇ?

ಪರ: ದುಡ್ಡು ನೋಡಬೇಡಿ, ಅದನ್ನೇ ಹಾಕಿಸಿ
(ಕಾಫಿಪುಡಿ ಅಂಗಡಿ ಮಾಲೀಕ, ಚಿಕ್ಕಮಗಳೂರು)

ಕಾಫಿ ಬೀಜ ಹುರಿಯುವಾಗ ಡ್ರಮ್ಮಿನ ಶಾಖ 200 ಡಿಗ್ರಿ ದಾಟುತ್ತದೆ. ಅದರ ಪಕ್ಕದಲ್ಲೇ ಮೋಟಾರಿನ ಕೇಬಲ್. ಮಾಮೂಲಿ ರಬ್ಬರ್ ಕೇಬಲ್ಲಿನ ತಾಮ್ರ 60 ಡಿಗ್ರಿವರೆಗೆ ಬಿಸಿಯಾಗಬಹುದು, ಅಷ್ಟೇ. ಕರೆಂಟ್ ಹರಿದು ಹುಟ್ಟುವ ಬಿಸಿಯೂ ಆ 60ರಲ್ಲೇ ಸೇರಿದೆ. ಮೆಷಿನ್ ಪಕ್ಕದ ಗಾಳಿಯೇ 50 ಇದ್ದರೆ ಕರೆಂಟಿಗೆ ಉಳಿಯುವುದು ಹತ್ತೇ ಡಿಗ್ರಿ ಅಲ್ವಾ? ಇ.ಪಿ.ಆರ್. (ಎಥಿಲೀನ್ ಪ್ರೊಪಿಲೀನ್) ಅನ್ನುವ ಕೃತಕ ರಬ್ಬರ್ 90 ತಡೆಯುತ್ತದೆ. ಸಿಲಿಕೋನ್ ರಬ್ಬರ್ 180.

ನಾನೂ ಮೊದಲು ಮಾಮೂಲಿಯದನ್ನೇ ಹಾಕಿಸಿದ್ದೆ. ಎರಡನೇ ವರ್ಷ, ಸಂಕ್ರಾಂತಿ ಕಳೆದ ವಾರ, ನಮ್ಮಲ್ಲಿ ನೆಲ ಒರೆಸುವ ಅಕ್ಕ "ಅಣ್ಣಾ, ವೈರು ಮುರ್ದೋಗಿದೆ" ಎಂದರು. ವೈರು ತುಂಡಾಗುತ್ತದೆ, ಮುರಿಯೋದು ಹೇಗೆ ಅಂತ ಹೋಗಿ ನೋಡಿದೆ. ಮುರಿದೇ ಇತ್ತು. ರಬ್ಬರು ಒಣಗಿದ ಹುಣಸೆ ಸಿಪ್ಪೆಯ ಹಾಗಾಗಿತ್ತು. ಬಾಗಿದ ಕಡೆಯೆಲ್ಲ ಬಿರುಕು, ಒಳಗೆ ತಾಮ್ರದ ಎಳೆ. ಆ ಅಕ್ಕನ ಕೈಯಲ್ಲಿ ಒದ್ದೆ ಬಟ್ಟೆ, ಕಾಲಲ್ಲಿ ಚಪ್ಪಲಿ ಇಲ್ಲ. ಮೇನ್ ಆಫ್ ಮಾಡಿ ಕೂತುಬಿಟ್ಟೆ. ಅವತ್ತು ಮತ್ತೆ ಹುರಿಯಲಿಲ್ಲ. ಬೆಲೆ ಜಾಸ್ತಿ ಅನ್ನುವವರು ಒದ್ದೆ ಬಟ್ಟೆ ಹಿಡಿದು ಅಲ್ಲಿ ನಿಂತು ಆ ಮಾತು ಹೇಳಲಿ. 60 ಡಿಗ್ರಿಯ ಕೇಬಲ್ಲನ್ನು ಬೆಂಕಿಯ ಪಕ್ಕ ಎಳೆಯಬಾರದು. ನನ್ನ ಮಾತು ಇದೊಂದೇ.

ವಿರೋಧ: ಎಲ್ಲ ಕಡೆಗೂ ಬೇಕಿಲ್ಲ
(ಎಲೆಕ್ಟ್ರಿಷಿಯನ್, ಮೂಡಿಗೆರೆ)

ಬೇಡ ಅನ್ನುವ ಕಡೆ ಬರೆಯಲು ನನಗೆ ಹೇಳಿದ್ದಾರೆ. ಡ್ರಮ್ಮಿನ ಪಕ್ಕದ ಎರಡು ಮೀಟರಿಗೆ ನಾನೂ ಬೇಡ ಅನ್ನುವುದಿಲ್ಲ. ಆದರೆ ಹುರಿಯುವ ಮೆಷಿನ್ ಎಷ್ಟು ಜನರ ಹತ್ತಿರ ಇದೆ? ನನ್ನನ್ನು ಕರೆಯುವುದು ತೋಟದವರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಪಂಪ್‌ಸೆಟ್ಟು. ಅಲ್ಲಿ ಕೇಬಲ್ ಹಾಳಾಗುವುದು ಬಿಸಿಲಿಗೆ, ಡೀಸೆಲ್ಲಿಗೆ, ಇಲಿಗೆ, ಮೇಲೆ ಹತ್ತುವ ಜೀಪಿನ ಚಕ್ರಕ್ಕೆ. ಬಿಸಿಲು, ಎಣ್ಣೆಗೆ ನಿಯೋಪ್ರೀನ್ (ಒಂದು ಕೃತಕ ರಬ್ಬರ್) ಹೊದಿಕೆಯ ರಬ್ಬರ್ ಕೇಬಲ್ ಸಾಕು. ಸಿಲಿಕೋನ್ ಶಾಖ ತಡೆಯುತ್ತದೆ, ನಿಜ. ಕಲ್ಲಿನ ಮೇಲೆ ಎಳೆದಾಡಿದರೆ ಬೇಗ ಹರಿಯುತ್ತದೆ.

ಪಂಪಿನ ಕೇಬಲ್ ಮುಟ್ಟಿದರೆ ಸುಡುತ್ತಿದೆಯಾ? ಮೊದಲು ದಪ್ಪ ನೋಡಿ. ಉದ್ದ ಜಾಸ್ತಿಯಾಗಿ ದಪ್ಪ ಕಡಿಮೆಯಿದ್ದರೆ ವೋಲ್ಟೇಜ್ ಬೀಳುತ್ತದೆ, ಮೋಟಾರು ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತದೆ. 1.5 ಚದರ ಎಂಎಂ ಇರುವ ಕಡೆ 2.5 ಹಾಕಿಸಿ. ಟರ್ಮಿನಲ್ ಸ್ಕ್ರೂ ಸಡಿಲವಿದ್ದರೆ ಯಾವ ಕೇಬಲ್ ಆದರೂ ಅಲ್ಲೇ ಸುಡುತ್ತದೆ. ಹಣ್ಣು ಕೊಯ್ಲು ಶುರುವಾಗುವ ಮುಂಚೆ ಅದನ್ನೊಮ್ಮೆ ಬಿಗಿ ಮಾಡಿಸಿಕೊಳ್ಳಿ.