‘ಕೈಂಡ್ ಆಫ್ ಬ್ಲೂ’: ಶ್ರುತಿ ತಪ್ಪಿದ್ದು ಹೊಸದರಲ್ಲಿ ಅಲ್ಲ, ಹಳೇದರಲ್ಲಿ

ಮಡಿಕೇರಿಯ ನಮ್ಮ ರೆಕಾರ್ಡ್ ಹುಚ್ಚರ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮಿನ ಮರುಮುದ್ರಣದಲ್ಲಿ ಕಂಪನಿಯವರು ಶ್ರುತಿ ಇಳಿಸಿ ಕೆಡಿಸಿದ್ದಾರೆ, ಹಳೇ ಎಲ್‌ಪಿಯೇ ಅಸಲಿ ಅಂತ. ವಿಷಯ ಪೂರ್ತಿ ಉಲ್ಟಾ.

1959ರ ಮಾರ್ಚ್ 2ರಂದು ನ್ಯೂಯಾರ್ಕ್‌ನ ಕೊಲಂಬಿಯಾ ಸ್ಟುಡಿಯೋದಲ್ಲಿ ಮೊದಲ ಬದಿಯ ಮೂರೂ ಟ್ರ್ಯಾಕ್ ರೆಕಾರ್ಡ್ ಆದವು. ಅವತ್ತು ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ತಿರುಗುತ್ತಿತ್ತು. ಆ ಟೇಪನ್ನು ಸರಿಯಾದ ವೇಗದ ಯಂತ್ರಕ್ಕೆ ಹಾಕಿದರೆ ಸಂಗೀತ ಬೇಗ ಓಡುತ್ತದೆ, ಶ್ರುತಿಯೂ ಏರುತ್ತದೆ, ಅಲ್ವಾ? ಹಾಗೇ ಅಚ್ಚಾಯಿತು, ದಶಕಗಟ್ಟಲೆ ಹಾಗೇ ಕೇಳಿದೆವು. ಜೊತೆಗೇ ಓಡುತ್ತಿದ್ದ ಇನ್ನೊಂದು ಯಂತ್ರದ ಟೇಪ್ ಸರಿಯಿತ್ತು. 1992ರ ಮರುಮುದ್ರಣಕ್ಕೆ ಅದನ್ನೇ ಬಳಸಿದರು.

ನಂಬಿಕೆ ಬರದಿದ್ದರೆ ಕೀಬೋರ್ಡ್ ಪಕ್ಕಕ್ಕಿಟ್ಟುಕೊಂಡು ಹಳೇ ಎಲ್‌ಪಿಯ ಮೊದಲ ಟ್ರ್ಯಾಕ್ ‘ಸೋ ವಾಟ್’ ಜೊತೆ ಅದರ ಆಧಾರ ಸ್ವರ ಡಿ ಒತ್ತಿ ನೋಡಿ, ಕೂರುವುದಿಲ್ಲ. ಎರಡನೇ ಬದಿ ಏಪ್ರಿಲ್ 22ರದ್ದು, ಅದಕ್ಕೆ ಈ ರಗಳೆ ಇಲ್ಲ.

ನನಗಂತೂ ಮೊದಲ ಬದಿಯ ‘ಬ್ಲೂ ಇನ್ ಗ್ರೀನ್’ ಸರಿ ವೇಗದಲ್ಲೇ ಜಾಸ್ತಿ ಇಷ್ಟ, ಬಿಲ್ ಇವಾನ್ಸ್ ಪಿಯಾನೋಗೆ ಉಸಿರಾಡಲು ಜಾಗ ಸಿಗುತ್ತದೆ. ಹಳೇದು ಕೇಳಿ ಬೆಳೆದವರಿಗೆ ಅದೇ ಹಿತ ಅನ್ನಿಸಿದರೆ ತಕರಾರಿಲ್ಲ. ಆದರೆ ‘ಅಸಲಿ ಶ್ರುತಿ’ ಅಂತ ನಂಬಿ ಹಳೇ ರೆಕಾರ್ಡಿಗೆ ಸುಮ್ನೆ ಸಾವಿರಗಟ್ಟಲೆ ಸುರಿಯಬೇಡಿ. ಕೊಡಗಿನ ಮಳೆಗಾಲ ಕಂಡ ರೆಕಾರ್ಡ್ ಆದರೆ ದುಡ್ಡು ಕೊಡುವ ಮೊದಲು ಕವರಿನಿಂದ ಹೊರತೆಗೆದು ಬೆಳಕಿಗೆ ಓರೆಯಾಗಿ ಹಿಡಿದು, ಬೂಷ್ಟು ಹಿಡಿದಿದೆಯಾ ನೋಡಿಕೊಳ್ಳಿ.