ಗಾಸಿಪ್ ವರದಿಗಾರರ ಮೇಲೊಂದು ನಗೆ ಕಾದಂಬರಿ ಬೇಕು

ಗಾಂಧಿನಗರದ ಇಬ್ಬರು ಗಾಸಿಪ್ ವರದಿಗಾರರು. ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗಾಗದು. ಇವರ ಮೇಲೆ ಕನ್ನಡದಲ್ಲಿ ಯಾರಾದರೂ ಹೊಟ್ಟೆ ತುಂಬ ನಗಿಸುವ ಕಾದಂಬರಿ ಬರೆಯಲಿ ಅನ್ನೋದು ನನ್ನ ಬಹಳ ದಿನದ ಆಸೆ. ತುಮಕೂರಿನವನಿಗೆ ಗಾಂಧಿನಗರದ ಉಸಾಬರಿ ಯಾಕೆ ಅನ್ನಬೇಡಿ. ಅಲ್ಲಿ ಹುಟ್ಟಿದ ಗುಸುಗುಸು ಖರ್ಚಾಗೋದು ನಮ್ಮಂಥ ಊರುಗಳಲ್ಲೇ.

ಕಟಿಂಗ್ ಶಾಪಿನ ಬೆಂಚಿನ ಮೇಲೆ ಬಿದ್ದಿರುತ್ತಿದ್ದ ಸಿನಿಮಾ ಪುರವಣಿ ನೆನಪಿದೆಯಾ? ಹೆಸರು ಇರುತ್ತಿರಲಿಲ್ಲ, 'ಆ ಮೂರಕ್ಷರದ ನಟಿ' ಅಂತಷ್ಟೇ. ಕೆನ್ನೆಗೆ ಸೋಪು ಹಚ್ಚಿಸಿಕೊಂಡು ಕೂತವರು ಬೆರಳು ಮಡಚಿ ಅಕ್ಷರ ಎಣಿಸೋರು. ಕತ್ತಿ ಹಿಡಿದ ಅಣ್ಣನೂ ಕೈ ನಿಲ್ಲಿಸಿ ತನಗೆ ಹೊಳೆದ ಹೆಸರು ಹೇಳೋನು. ವರದಿಗಾರ ಅರ್ಧ ಬರೆದ ಸುಳ್ಳನ್ನು ನಾವು ಪೂರ್ತಿ ಮಾಡುತ್ತಿದ್ದೆವು, ಅವನ ಮೇಲೆ ಕೇಸೂ ಬೀಳುತ್ತಿರಲಿಲ್ಲ. ಈಗ ಅದೇ ಕೆಲಸವನ್ನು ಯೂಟ್ಯೂಬ್ ಥಂಬ್‌ನೇಲಿನ ಪ್ರಶ್ನಾರ್ಥಕ ಚಿಹ್ನೆ ಮಾಡುತ್ತಿದೆ.

ಇಂಥ ಪೈಪೋಟಿಯಲ್ಲಿ ಎಷ್ಟು ನಗು ಇದೆ ಅಂತ ತಿಳಿಯೋಕೆ ಹಾಲಿವುಡ್‌ನ ಲೂಯೆಲ್ಲಾ ಪಾರ್ಸನ್ಸ್, ಹೆಡ್ಡಾ ಹಾಪರ್ ಜೋಡಿ ನೋಡಿ. ಲೂಯೆಲ್ಲಾ ಪತ್ರಿಕಾ ದೊರೆ ಹರ್ಸ್ಟ್‌ನ ಪತ್ರಿಕೆಗಳ ಅಂಕಣಕಾರ್ತಿ. ಹೆಡ್ಡಾ ನಟಿಯಾಗಿದ್ದವರು, 1938ರಲ್ಲಿ ಅಂಕಣಕ್ಕೆ ಇಳಿದರು. ವಿಚಿತ್ರ ಟೋಪಿಗಳಿಗೆ ಹೆಸರುವಾಸಿ. ಒಬ್ಬರಿಗೆ ಮೊದಲು ಸುದ್ದಿ ಕೊಟ್ಟರೆ ಇನ್ನೊಬ್ಬರಿಗೆ ಕೋಪ, ಸ್ಟಾರ್‌ಗಳಿಗೆ ಇಬ್ಬರ ಭಯವೂ ತಪ್ಪಿದ್ದಲ್ಲ. ಬೆವರ್ಲಿ ಹಿಲ್ಸ್‌ನ ಸ್ವಂತ ಮನೆಯನ್ನು ಹೆಡ್ಡಾ 'ಭಯ ಕಟ್ಟಿಸಿದ ಮನೆ' ಅಂತಲೇ ಕರೆಯುತ್ತಿದ್ದರು! 1949ರಲ್ಲಿ, ಮದುವೆಯಾಗಿದ್ದ ನಟಿ ಇಂಗ್ರಿಡ್ ಬರ್ಗ್‌ಮನ್ ಬೇರೊಬ್ಬರಿಂದ ಗರ್ಭಿಣಿ ಅನ್ನೋ ಸುದ್ದಿಯನ್ನು ಲೂಯೆಲ್ಲಾ ಬ್ರೇಕ್ ಮಾಡಿದರು. ಅಂಥದ್ದೇನೂ ಇಲ್ಲ ಅಂತ ಬರೆದು ಕೂತಿದ್ದ ಹೆಡ್ಡಾಗೆ ಎಷ್ಟು ಉರಿದಿರಬೇಡ. ಅಲ್ಲಿತನಕ ನಗಬಹುದು. ಮರುವರ್ಷ ಅಮೆರಿಕದ ಸೆನೆಟ್‌ನಲ್ಲೇ ಆ ನಟಿಯನ್ನು ಹಳಿದರು ಅನ್ನೋದಕ್ಕೆ ಹೇಗೆ ನಗೋದು?

ಪಕ್ಕದ ಮದರಾಸಿನದು ಇನ್ನೂ ಘೋರ. ಸಿನಿಮಾದವರ ಖಾಸಗಿ ಬದುಕನ್ನೇ ಅಚ್ಚು ಹಾಕುತ್ತಿದ್ದ ಪತ್ರಕರ್ತ ಲಕ್ಷ್ಮೀಕಾಂತನ್ 1944ರ ನವೆಂಬರಿನಲ್ಲಿ ಇರಿತಕ್ಕೆ ಬಲಿಯಾದ. ಆ ಕೊಲೆ ಕೇಸಿನಲ್ಲಿ ತಮಿಳು ನಟರಾದ ತ್ಯಾಗರಾಜ ಭಾಗವತರ್, ಎನ್.ಎಸ್. ಕೃಷ್ಣನ್ ಜೈಲು ಸೇರಿ, 1947ರಲ್ಲಿ ಬಿಡುಗಡೆಯಾದರು. ಸೂಪರ್‌ಸ್ಟಾರ್ ಆಗಿದ್ದ ಭಾಗವತರ್‌ಗೆ ಆಮೇಲೆ ಹಳೆಯ ಕಾಲ ಮರಳಿ ಬರಲೇ ಇಲ್ಲ.

ಅದಕ್ಕೇ ನನ್ನದೊಂದೇ ಷರತ್ತು: ನಗು ವರದಿಗಾರರ ಮೇಲಿರಲಿ, ಅವರ ಗಾಸಿಪ್‌ಗೆ ಸಿಕ್ಕಿದ ಹೆಣ್ಣುಮಗಳ ಮೇಲೆ ಬೇಡ. ನಮ್ಮ ತಿಪಟೂರಿನ ನರಸಿಂಹರಾಜು ತಮ್ಮ ಹಲ್ಲು, ತಮ್ಮ ಸಣಕಲು ಮೈಯನ್ನೇ ಮುಂದಿಟ್ಟು ನಾಡನ್ನೆಲ್ಲ ನಗಿಸಿದವರು. ಆ ಜಾತಿಯ ಹಾಸ್ಯ ಬೇಕು.

ಉದಾಹರಣೆಗೆ, ದೇವರಾಯನದುರ್ಗದಲ್ಲಿ ಶೂಟಿಂಗ್. ಇಬ್ಬರೂ ಗುಟ್ಟಾಗಿ ಒಬ್ಬನೇ ಡ್ರೈವರ್‌ಗೆ ದುಡ್ಡು ಕೊಟ್ಟಿದ್ದಾರೆ. ಅವನು ಒಬ್ಬರ ಹತ್ತಿರ ಹೀರೋಯಿನ್‌ಗೆ ಮದುವೆ ಅಂತಾನೆ, ಇನ್ನೊಬ್ಬರ ಹತ್ತಿರ ಡೈವೋರ್ಸ್ ಅಂತಾನೆ. ಬೆಳಗ್ಗೆ ಎರಡೂ ಅಚ್ಚಾಗಿ ಬರುತ್ತೆ. ಆಮೇಲೆ ತಮ್ಮ ಸುಳ್ಳು ಉಳಿಸಿಕೊಳ್ಳೋಕೆ ಇಬ್ಬರೂ ಪಡುವ ಪಾಡೇ ಇನ್ನೂರು ಪುಟಕ್ಕೆ ಸಾಕು.

ನಮ್ಮ ಜಿಲ್ಲೆಯ ಬರಹಗಾರರು ಯಾರಾದರೂ ಕೈ ಹಾಕೋದಾದರೆ ಇನ್‌ಬಾಕ್ಸ್ ಮಾಡಿ. ಕರಡು ಓದೋಕೆ, ಪ್ರೂಫ್ ತಿದ್ದೋಕೆ ನಾನಿದ್ದೇನೆ.